ಧಾರಾವಾಹಿ ಬಾಯಿ ಮುಚ್ಚಿಕೊಂಡದ್ದು

ಧಾರಾವಾಹಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅವನು ಒಂದು ಮಾತು ಶುರು ಮಾಡಿದರೆ ಅದು ಆ ದಿನಕ್ಕೆ ಮುಗಿಯುತ್ತಿರಲಿಲ್ಲ. ಕೇಳುತ್ತಿದ್ದವರು ಬಸ್ಸು ಹತ್ತಿ ತಪ್ಪಿಸಿಕೊಂಡರೂ ಮರುದಿನ ಅದೇ ಸ್ಟಾಪಿನಲ್ಲಿ, ನಿನ್ನೆ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತಿತ್ತು. ಟೈಮೆಷ್ಟು ಎಂದು ಕೇಳಿದವರಿಗೆ ಅವನು ವಾಚು ಕೊಂಡ ಅಂಗಡಿ, ಅಂಗಡಿಯವನ ಅಣ್ಣನ ಮಂಡಿನೋವು, ಆ ನೋವಿಗೆ ಯಾರೋ ಕೊಟ್ಟ ಎಣ್ಣೆ, ಇಷ್ಟನ್ನೂ ಹೇಳಿ ಕೊನೆಗೆ ಟೈಮು ಹೇಳುವುದನ್ನೇ ಮರೆತುಬಿಡುತ್ತಿದ್ದ. ಮನುಷ್ಯ ಮಾತ್ರ ಅಪರಂಜಿ. ಆ ಅಪರಂಜಿಗೆ ಒಂದು ಮುಚ್ಚಳ ಮಾಡಿಸಿದ್ದರೆ ಚೆನ್ನಾಗಿತ್ತು ಎಂದು ಅವನ ಹೆಂಡತಿ ಆಗಾಗ ಹೇಳುತ್ತಿದ್ದಳು.

ಅವನು ಮೊದಲು ಒಂದು ಕೊಡೆ ಫ್ಯಾಕ್ಟರಿಯ ಸ್ಟೋರಿನಲ್ಲಿದ್ದ. ಅಲ್ಲಿ ಅವನ ಮಾತಿನಿಂದ ಯಾರಿಗೂ ತೊಂದರೆಯಿರಲಿಲ್ಲ, ಯಾಕೆಂದರೆ ಸ್ಟೋರಿನಲ್ಲಿ ಇದ್ದದ್ದು ಕೊಡೆಯ ಕಡ್ಡಿ, ಹಿಡಿ ಮತ್ತು ಕಪ್ಪು ಬಟ್ಟೆ ಮಾತ್ರ. ಫ್ಯಾಕ್ಟರಿ ಮುಚ್ಚಿತು. ಅಲ್ಲಿಂದ ಇಂಟರ್‌ವ್ಯೂಗಳ ಕಾಲ ಆರಂಭವಾಯಿತು, ಜೊತೆಗೆ ಹೆದರಿಕೆಯ ಕಾಲವೂ.

ಒಂದು ಆಸ್ಪತ್ರೆಯ ಸ್ಟೋರಿನವರು "ನಿಮ್ಮ ಬಗ್ಗೆ ಹೇಳಿ" ಎಂದರು. ಅವನು ತಾತನಿಂದ ಶುರು ಮಾಡಿದ. ಅಪ್ಪ ಹುಟ್ಟುವ ಹೊತ್ತಿಗೆ ಸಾಹೇಬರಿಗೆ ಊಟದ ವೇಳೆಯಾಗಿತ್ತು. ಒಂದು ಸಾರಿಗೆ ಕಂಪನಿಯವರು "ಹಳೇ ಫ್ಯಾಕ್ಟರಿ ಯಾಕೆ ಮುಚ್ಚಿತು" ಎಂದು ಕೇಳಿದರು. ಮಾಲೀಕರ ಮನೆಯ ಜಗಳ, ಸೊಸೆಯ ಒಡವೆ, ಕೈಲಾಗದ ಕಿರಿಯ ಮಗ, ಎಲ್ಲವನ್ನೂ ಅವನು ಅಭಿನಯಿಸಿ ತೋರಿಸಿದ. ಎದುರಿಗೆ ಕೂತಿದ್ದವರೇ ಆ ಕಿರಿಯ ಮಗನ ಖಾಸಾ ಭಾವ ಎಂಬುದು ಅವರು ಎದ್ದು ಬಾಗಿಲು ತೋರಿಸಿದಾಗಲಷ್ಟೇ ಗೊತ್ತಾಯಿತು. ಇನ್ನೊಂದು ಕಡೆ ಪ್ರಶ್ನೆ ಕೇಳುವ ಮೊದಲು "ಟೀ ತಗೋತೀರಾ" ಎಂದು ಉಪಚಾರ ಮಾಡಿದರು. ಅವನು ತನ್ನ ಜಠರದ ಪೂರ್ವಾಪರ ಹೇಳಿದ. ಆ ಕಡೆಯಿಂದ ಮತ್ತೆ ಸುದ್ದಿಯಿಲ್ಲ.

ಮೊದಲಿಗೆ ಹೆಂಡತಿ ನಕ್ಕಳು, ಆಮೇಲೆ ಅತ್ತಳು, ಆಮೇಲೆ ತನ್ನ ತಂದೆಗೆ ಫೋನು ಮಾಡಿದಳು.

ಮಾವನವರದು ಗಾಜಿನ ಅಂಗಡಿ. ಕಿಟಕಿಯ ಗಾಜು, ಕನ್ನಡಿ, ಮೀನಿನ ತೊಟ್ಟಿ, ಎಲ್ಲಾ ಸಾಲಾಗಿ ಗೋಡೆಗೆ ಒರಗಿ ನಿಂತಿರುತ್ತವೆ. ಮಾವನವರು ವರ್ಷಕ್ಕೆ ಆಡುವಷ್ಟು ಮಾತನ್ನು ಧಾರಾವಾಹಿ ಹಲ್ಲುಜ್ಜುವಾಗಲೇ ಆಡಿ ಮುಗಿಸುತ್ತಿದ್ದ. ಹಿಂದೊಮ್ಮೆ ಆ ಅಂಗಡಿಯಲ್ಲಿ ನಿಂತು ಯಾರಿಗೋ ಬೀರು ಎಷ್ಟು ಅಗಲ ಎಂದು ಎರಡೂ ಕೈ ಚಾಚಿ ವಿವರಿಸಿದ್ದ. ಹಿಂದಿದ್ದ ಆಳೆತ್ತರದ ಕನ್ನಡಿ ಪುಡಿಯಾಗಿತ್ತು. ಮಾವನವರು ಆಗ ಹೇಳಿದ್ದು "ಹೂಂ" ಎಂಬುದೊಂದೇ. ಆ "ಹೂಂ" ಈಗಲೂ ಅವನಿಗೆ ನಿದ್ದೆಯಲ್ಲಿ ಕೇಳಿಸುತ್ತದೆ. ಈಗ ಅದೇ ಮಾವನವರು ಮಗಳ ಫೋನಿಗೆ ಉತ್ತರವಾಗಿ ದಾಖಲೆಯೆನ್ನುವಷ್ಟು ದೀರ್ಘ ಭಾಷಣ ಮಾಡಿದ್ದರು. "ಇದೊಂದು ಸಲ ನೋಡು. ಆಗಲಿಲ್ಲ ಅಂದ್ರೆ ಮನೆ ಖಾಲಿ ಮಾಡಿ ಇಲ್ಲಿಗೆ ಬನ್ನಿ. ಅಂಗಡೀಲಿ ನನ್ನ ಎದುರಿಗೆ ಕೂರಲಿ."

ಎದುರಿಗೆ. ಬೆಳಿಗ್ಗೆಯಿಂದ ಸಂಜೆವರೆಗೆ. ಸುತ್ತಲೂ ಗಾಜು. ಧಾರಾವಾಹಿ ಆ ರಾತ್ರಿ ಎರಡೂ ಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡೇ ಮಲಗಿದ.

ಇದೊಂದು ಸಲ ಎಂದದ್ದು ರಟ್ಟಿನ ಡಬ್ಬ ಮಾಡುವ ಫ್ಯಾಕ್ಟರಿಯ ಕೆಲಸದ ಬಗ್ಗೆ. ಸೇಫ್ಟಿ ಸೂಪರ್‌ವೈಸರ್ ಬೇಕಾಗಿದ್ದಾರೆ ಎಂದು ಕರೆ ಬಂದಿತ್ತು. ಕೊಡೆ ಫ್ಯಾಕ್ಟರಿಯಲ್ಲಿ ಬೆಂಕಿ ಆರಿಸುವ ಸಿಲಿಂಡರು, ಮರಳಿನ ಬಕೆಟ್ಟು ಅವನ ಸುಪರ್ದಿಯಲ್ಲೇ ಇದ್ದುದರಿಂದ ಅವನು ಅರ್ಜಿ ಹಾಕಿದ್ದ. ಸುದ್ದಿ ಕೇಳಿ ಭಾವಮೈದುನ ಓಡಿ ಬಂದ. ಇವನು ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಮಾರುವವನು. ಜೀವನದಲ್ಲಿ ಒಂದು ಇಂಟರ್‌ವ್ಯೂ ಪಾಸು ಮಾಡಿದ್ದ, ಆದ್ದರಿಂದ ಆ ವಿಷಯದಲ್ಲಿ ಮನೆಯ ಪಂಡಿತ.

"ಭಾವ, ನಿಮ್ಮ ತೊಂದರೆ ನಂಗೊತ್ತು. ಒಂದು ಪ್ರಶ್ನೆ, ಒಂದು ವಾಕ್ಯ, ಬಾಯಿ ಬಂದ್. ಕೇಳಿದ್ದಕ್ಕೆ ಮಾತ್ರ ಉತ್ತರ. ಕೇಳದೆ ಇದ್ದದ್ದು ನಿಮ್ಮ ಕಣ್ಣ ಮುಂದೆ ಕುಣೀತಾ ಇದ್ರೂ ನೀವು ನೋಡಿಲ್ಲ."

"ಅದು ಸರಿ ಕಣೋ, ಆದ್ರೆ ಒಂದು ವಾಕ್ಯ ಅಂದ್ರೆ ಎಷ್ಟುದ್ದ? ಯಾಕೆ ಕೇಳ್ದೆ ಅಂದ್ರೆ ನಮ್ಮ ಸ್ಕೂಲಲ್ಲಿ ಒಬ್ರು ಮೇಷ್ಟ್ರು..."

"ನೋಡಿದ್ರಾ," ಎಂದ ಭಾವಮೈದುನ ಅಕ್ಕನ ಕಡೆ ತಿರುಗಿ. "ಆಮೇಲೆ ಭಾವ, ಕೊನೇಲಿ 'ಇನ್ನೇನಾದ್ರೂ ಹೇಳೋದಿದ್ಯಾ' ಅಂತ ಕೇಳ್ತಾರೆ. ಅದು ಪ್ರಶ್ನೆ ಅಲ್ಲ, ಇಲಿಬೋನು. ನಿಮ್ಮಂಥವರನ್ನ ಹಿಡಿಯೋಕೇ ಇಟ್ಟಿರೋದು. ತಲೆ ಮೇಲೆ ತಲೆ ಬಿದ್ರೂ 'ಇಲ್ಲ' ಅನ್ನಬೇಕು."

ತಾಲೀಮು ಅಂದೇ ಆರಂಭವಾಯಿತು. ಭಾವಮೈದುನ ಊಟದ ಮೇಜಿನ ಹಿಂದೆ ಕಾಲ ಮೇಲೆ ಕಾಲು ಹಾಕಿ ಕೂತು ಪ್ರಶ್ನೆ ಕೇಳುವುದು, ಧಾರಾವಾಹಿ ಸ್ಟೂಲಿನ ಮೇಲೆ ಕೂತು ಉತ್ತರಿಸುವುದು, ಒಂದು ವಾಕ್ಯ ದಾಟಿದ ಕೂಡಲೇ ಹೆಂಡತಿ ಸೌಟಿನಿಂದ ತಟ್ಟೆಗೆ ಬಾರಿಸುವುದು. ಮೊದಲ ದಿನ ತಟ್ಟೆ ನಗ್ಗಿತು. ಎರಡನೆಯ ದಿನಕ್ಕೆ ಹಳೇ ಬಾಣಲೆ ತಂದರು. ಬರಬರುತ್ತಾ ಧಾರಾವಾಹಿಗೆ ಎಲ್ಲಿ ಪಾತ್ರೆಯ ಸದ್ದಾದರೂ ನಾಲಿಗೆ ಒಳಗೆ ಎಳೆದುಕೊಳ್ಳುವ ಹಾಗಾಯಿತು. ಹೋಟೆಲಿನ ಮುಂದೆ ನಡೆದು ಹೋಗುವಾಗಂತೂ ಮೂಗನಂತಾಗಿಬಿಡುತ್ತಿದ್ದ.

ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರು ಒಬ್ಬರೇ ಇದ್ದರು. ಬಾಣಲೆಯ ಸದ್ದು ಕೇಳಿ ಗೇಟಿನ ಹತ್ತಿರ ಬಂದು ಧಾರಾವಾಹಿಯನ್ನು ಮೆಲ್ಲಗೆ ವಿಚಾರಿಸಿದರು.

"ಏನ್ರೀ, ಮನೇಲಿ ಏನಾದ್ರೂ ಬಿಸಿಬಿಸಿ ನಡೀತಿದ್ಯಾ?"

"ಇಲ್ಲ ಸಾರ್," ಎಂದು ಹೇಳಿ ಧಾರಾವಾಹಿ ಒಳಗೆ ಹೋದ.

ಪೋಸ್ಟ್‌ಮಾಸ್ಟರು ಗೇಟು ಹಿಡಿದುಕೊಂಡು ಹಾಗೇ ನಿಂತರು. ಈ ಮನುಷ್ಯ ಎರಡೇ ಪದದಲ್ಲಿ ಮಾತು ಮುಗಿಸಿದ್ದನ್ನು ಅವರು ಹಿಂದೆ ಕಂಡಿರಲಿಲ್ಲ. ಮನೆಯೊಳಗೆ ಹೊಡೆತ ಬೀಳುತ್ತಿದೆ ಎಂಬ ಅನುಮಾನ ಅವರಿಗೆ ಖಾತ್ರಿಯಾಯಿತು.

ಪರಿಸ್ಥಿತಿ ಕೈಮೀರಿದ್ದು ಕ್ಷೌರದ ಅಂಗಡಿಯಲ್ಲಿ. ಇಂಟರ್‌ವ್ಯೂಗೆ ಮೊದಲು ತಲೆ ಸರಿ ಮಾಡಿಸಿಕೊಂಡು ಬನ್ನಿ ಎಂದು ಹೆಂಡತಿ ಕಳಿಸಿದ್ದಳು. ಕ್ಷೌರಿಕ ಎಂದಿನಂತೆ ಬಿಳಿ ಬಟ್ಟೆ ಹೊದಿಸಿ, ಕಿವಿಗೆ ಹತ್ತಿ ಇಟ್ಟುಕೊಂಡ. ಧಾರಾವಾಹಿ ಬಂದಾಗ ಅವನು ಹತ್ತಿ ಇಟ್ಟುಕೊಳ್ಳುವುದು ವಾಡಿಕೆ. ಕತ್ತರಿ ಆಡಿತು. ಒಂದು ಕಡೆ ಮುಗಿಯಿತು. ಕುರ್ಚಿಯಿಂದ ಮಾತೇ ಇಲ್ಲ. ಕ್ಷೌರಿಕ ಹತ್ತಿ ತೆಗೆದು ನೋಡಿದ. ಆಗಲೂ ಇಲ್ಲ.

"ಅಣ್ಣಾ, ಹುಷಾರಾಗಿದೀರಾ?"

"ಹೂಂ."

ಕ್ಷೌರಿಕನ ಕತ್ತರಿ ನಿಂತಿತು. ಕನ್ನಡಿಯಲ್ಲಿ ಕಂಡದ್ದು ಬಿಳಿಚಿದ ಮುಖ, ಒಣಗಿದ ತುಟಿ, ಎಲ್ಲೋ ನೆಟ್ಟ ದೃಷ್ಟಿ. ಇಂಟರ್‌ವ್ಯೂ ನೆನೆಸಿಕೊಂಡರೆ ಧಾರಾವಾಹಿಯ ಮುಖ ಹಾಗೇ ಆಗುತ್ತಿತ್ತು. ಆದರೆ ಕ್ಷೌರಿಕನಿಗೆ ಅದು ಹೇಗೆ ತಿಳಿಯಬೇಕು? ಇವನ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡ. ಪಾಪ, ದುಡ್ಡೂ ಬೇಡವೆಂದ. ಸಂಜೆಯೊಳಗೆ ಅಂಗಡಿಗೆ ಬಂದವರೆಲ್ಲರಿಗೂ ಹೇಳಿದ. ಯಾರು ಸತ್ತರೆಂದು ಅವರು ಕೇಳಿದಾಗ, ಹೆಸರಿಲ್ಲದೆ ಸುದ್ದಿ ಹೇಳಿದರೆ ಚೆನ್ನಾಗಿರುವುದಿಲ್ಲವೆಂದು "ಮಾವ ಇರಬೇಕು" ಎಂದ.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಚಪ್ಪಲಿಗಳ ರಾಶಿ. ಪೋಸ್ಟ್‌ಮಾಸ್ಟರು ಕಣ್ಣೊರೆಸಿಕೊಂಡು "ಒಳ್ಳೇ ಮನುಷ್ಯರು, ಯಾರಿಗೂ ಒಂದು ಮಾತು ಅಂದವರಲ್ಲ" ಎಂದರು. ಅದು ನಿಜವೇ ಆಗಿತ್ತು. ಧಾರಾವಾಹಿಗೆ ವಿಷಯವನ್ನು ಒಂದೇ ವಾಕ್ಯದಲ್ಲಿ ಬಿಡಿಸಿ ಹೇಳುವುದು ಹೇಗೆಂದು ತೋಚಲಿಲ್ಲ, ಸುಮ್ಮನೆ ನಿಂತ. ಅವನು ಸುಮ್ಮನೆ ನಿಂತದ್ದನ್ನು ನೋಡಿ ಬಂದವರಿಗೆ ದುಃಖ ಇನ್ನೂ ಉಕ್ಕಿತು. ಅಷ್ಟರಲ್ಲಿ ಆಟೋ ನಿಂತಿತು. ಅದರಿಂದ ಇಳಿದವರು ಸಾಕ್ಷಾತ್ ಮಾವನವರು. ಮಗಳ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ಅವರಿಗೂ ಯಾರೋ ಫೋನು ಮಾಡಿದ್ದರಂತೆ. ತಮ್ಮ ಸಾವಿಗೆ ಸೇರಿದ ಜನವನ್ನು ಅವರು ಒಂದು ಸುತ್ತು ನೋಡಿದರು, ಆಮೇಲೆ ಅಳಿಯನನ್ನು ನೋಡಿದರು.

"ಹೂಂ," ಎಂದರು.

ಇಂಟರ್‌ವ್ಯೂ ಅದರ ಮರುದಿನವೇ. ಧಾರಾವಾಹಿ ಆ ಹೊತ್ತಿಗೆ ಮನುಷ್ಯನಂತೆ ಇರಲಿಲ್ಲ. ಫ್ಯಾಕ್ಟರಿಯ ತುಂಬ ಕಂದು ರಟ್ಟು ಸೂರಿನವರೆಗೆ ಪೇರಿಸಿತ್ತು. ಕಂಬಕ್ಕೊಂದು ಬೋರ್ಡು: ಧೂಮಪಾನ ಮಾಡಿದವರನ್ನು ಆ ಕ್ಷಣವೇ ಕೆಲಸದಿಂದ ತೆಗೆಯಲಾಗುವುದು. ಇವನು ಸೇದುವವನಲ್ಲ, ಆದರೂ ಪ್ರತಿ ಬೋರ್ಡಿಗೂ ಹೆದರಿದ. ಇವನಿಗಿಂತ ಮೊದಲು ಒಳಗೆ ಹೋಗಿದ್ದವನು ಹೊರಬಂದು, ಯಾರನ್ನೂ ನೋಡದೆ, ಮೆಟ್ಟಿಲಿಳಿದು ಹೋದ. ಗಂಟೆ ಬಾರಿಸಿತು. ಲೋಹದ ಸದ್ದು ಕೇಳಿದ ತಕ್ಷಣ ಧಾರಾವಾಹಿಯ ನಾಲಿಗೆ ಅಭ್ಯಾಸಬಲದಿಂದ ಒಳಕ್ಕೆ ಸರಿಯಿತು.

ಬಾಗಿಲು ತಳ್ಳಿದಾಗ ಒಳಗೆ ಮ್ಯಾನೇಜರ್ ಸಾಹೇಬರು ಒಬ್ಬರೇ ಇದ್ದರು. ಭಾರಿ ದೇಹ, ಭಾರಿ ಮೀಸೆ. ಗಂಟೆಯನ್ನು ಅವರು ಬಾರಿಸಿರಲಿಲ್ಲ, ಹೊರಗಿನ ಜವಾನ ಆತುರ ಮಾಡಿಬಿಟ್ಟಿದ್ದ. ಸಾಹೇಬರು ಬೆಚ್ಚಿ ಬೆರಳಿನಲ್ಲಿದ್ದುದನ್ನು ಮೇಜಿನ ಡ್ರಾಯರಿಗೆ ಎಸೆದು ಧಡಾರನೆ ಮುಚ್ಚಿದರು. ಬಾಯಿ ಮುಚ್ಚಿಕೊಂಡಿದ್ದರೂ ಮೂಗಿನಿಂದ ಎರಡು ಎಳೆ ಹೊಗೆ ಬಂತು. ಅಭ್ಯರ್ಥಿಯೂ ಸಾಹೇಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟರಲ್ಲಿ ಟೀ ಕುಡಿಯಲು ಹೋಗಿದ್ದ ಇನ್ನಿಬ್ಬರು ಬಂದು ಸಾಹೇಬರ ಅಕ್ಕಪಕ್ಕ ಕೂತರು. ಒಬ್ಬರು ಸಿಬ್ಬಂದಿ ವಿಭಾಗದ ಮೇಡಂ, ಕನ್ನಡಕದ ಮೇಲಿನಿಂದ ನೋಡುವವರು. ಇನ್ನೊಬ್ಬರು ಅರ್ಧ ಕುಡಿದ ಟೀಯನ್ನು ಕೈಯಲ್ಲೇ ಹಿಡಿದು ಬಂದ ವಯಸ್ಸಾದ ಅಕೌಂಟೆಂಟು. ಅವರು ಕೂತ ಕೂಡಲೇ ನಿದ್ದೆಗೆ ಅಣಿಯಾದರು.

"ನಿಮ್ಮ ಬಗ್ಗೆ ಹೇಳಿ," ಎಂದರು ಮೇಡಂ.

ತಾತ ಬಾಯಿಯವರೆಗೆ ಬಂದಿದ್ದರು. ಧಾರಾವಾಹಿ ಅವರನ್ನು ನುಂಗಿಕೊಂಡ. "ಕೊಡೆ ಫ್ಯಾಕ್ಟರೀಲಿ ಬೆಂಕಿ ಆರಿಸೋ ಸಾಮಾನೆಲ್ಲ ನಾನೇ ನೋಡಿಕೊಳ್ತಿದ್ದೆ ಮೇಡಂ."

ಬೆಂಕಿ ಎಂಬ ಮಾತು ಕೇಳಿ ಸಾಹೇಬರು ಕುರ್ಚಿಯಲ್ಲಿ ಸ್ವಲ್ಪ ಮೇಲೆದ್ದು ಮತ್ತೆ ಕೂತರು.

"ಆ ಫ್ಯಾಕ್ಟರಿ ಯಾಕೆ ಮುಚ್ಚಿತು?"

ಇದಕ್ಕೆ ಭಾವಮೈದುನ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ ಉತ್ತರವಿತ್ತು. "ದೊಡ್ಡವರು ಮಾಡಿದ ತಪ್ಪನ್ನ ನಾವು ಆಡಬಾರದು ಮೇಡಂ."

ಮೇಡಂ ಮೆಚ್ಚಿ ಏನೋ ಬರೆದುಕೊಂಡರು. ಸಾಹೇಬರು ಟೈ ಸಡಿಲಿಸಿದರು.

"ನಿಮ್ಮಲ್ಲಿರೋ ಒಳ್ಳೇ ಗುಣ ಏನು?"

"ನೋಡಿದ್ದನ್ನೆಲ್ಲ ಹೇಳೋದಿಲ್ಲ ಮೇಡಂ."

"ಕೆಟ್ಟ ಗುಣ?"

ಇದಕ್ಕೆ ಬಾಯಿಪಾಠದ ಉತ್ತರ ಮರೆತುಹೋಗಿತ್ತು. ನಿಜವೇ ಬಂದುಬಿಟ್ಟಿತು. "ಒಂದ್ಸಲ ಹೇಳೋಕೆ ಶುರು ಮಾಡಿದ್ರೆ ಆಮೇಲೆ ನಿಲ್ಲಿಸೋದಿಲ್ಲ."

ಸಾಹೇಬರ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಮೂವತ್ತು ವರ್ಷ ಕಾರ್ಮಿಕರನ್ನು ಪಳಗಿಸಿದ ಮನುಷ್ಯ ಅವರು, ಆದರೆ ಇಷ್ಟು ತಣ್ಣಗೆ ಕೂತು ಬೆದರಿಕೆ ಹಾಕುವವನನ್ನು ಕಂಡಿರಲಿಲ್ಲ. ತಣ್ಣಗೆ ಕೂತವನಿಗಾದರೋ ಎದೆ ಡವಗುಟ್ಟುವುದು ಅಂಗಿಯ ಮೇಲೇ ಕಾಣುವಂತಿತ್ತು. ಯಾಕೆಂದರೆ ಆ ಹೊತ್ತಿಗೆ ಮೇಜಿನ ಅಂಚಿಗೂ ಸಾಹೇಬರ ಹೊಟ್ಟೆಗೂ ನಡುವಿನ ಸಂದಿಯಿಂದ ಒಂದು ಸಣ್ಣ ಹೊಗೆ ಎದ್ದು ಮೇಲಕ್ಕೆ ಹೊರಟಿತ್ತು.

ಧಾರಾವಾಹಿ ಅದನ್ನು ನೋಡಿದ. ಸಾಹೇಬರ ಹಿಂದೆ ಮಾದರಿ ಡಬ್ಬಗಳ ಗೋಪುರ, ಅದರ ಹಿಂದೆ ಕಾಗದ, ಅದರಾಚೆ ಇಡೀ ಫ್ಯಾಕ್ಟರಿಯೇ ರಟ್ಟು. ಹೇಳಲೇಬೇಕು ಎಂದು ತುಟಿ ಬಿಚ್ಚಿದ. ತಲೆಯೊಳಗೆ ಬಾಣಲೆ ಬಾರಿಸಿತು. ಇದನ್ನು ಯಾರೂ ಕೇಳಿಲ್ಲ. ಕೇಳದಿದ್ದದ್ದನ್ನು ಹೇಳಿದರೆ ಕೆಲಸ ಹೋಯಿತು, ಮನೆ ಹೋಯಿತು, ನಾಳೆಯಿಂದ ಗಾಜು. ತುಟಿ ಮುಚ್ಚಿಕೊಂಡ. ಸುಟ್ಟು ಸಾಯುವುದು ಮೇಲೋ, ಮಾವನವರ ಎದುರಿಗೆ ಕೂರುವುದು ಮೇಲೋ ಎಂದು ತೂಗಿ ನೋಡಿದ. ಎರಡೂ ಸರಿಸಮ ಬಂತು.

"ಏನೋ ಸುಟ್ಟ ವಾಸನೆ," ಎಂದು ಮೇಡಂ ಮೂಗು ಅರಳಿಸಿದರು.

"ಗೋಂದು. ಕೆಳಗಡೆ ಗೋಂದು ಕಾಯಿಸ್ತಿದಾರೆ," ಎಂದು ಸಾಹೇಬರು ಹೊಟ್ಟೆಯನ್ನು ಡ್ರಾಯರಿಗೆ ಇನ್ನಷ್ಟು ಒತ್ತಿದರು. ಹೊಟ್ಟೆ ಬಿಸಿಯಾಗುತ್ತಿರುವುದು ಅವರ ಮುಖದಲ್ಲಿ ಕಾಣುತ್ತಿತ್ತು. "ಬೇಗ ಮುಗಿಸಿ ಮೇಡಂ."

ಮೇಡಂ ಬೇಗ ಮುಗಿಸುವವರಲ್ಲ. "ಇಲ್ಲಿ ಎಲ್ಲಾದ್ರೂ ಅಪಾಯ ಕಂಡ್ರೆ ಮೊದಲು ಏನು ಮಾಡ್ತೀರಿ?"

"ತಕ್ಷಣ ಮ್ಯಾನೇಜರ್ ಸಾಹೇಬರಿಗೆ ತಿಳಿಸ್ತೀನಿ ಮೇಡಂ," ಎಂದ ಧಾರಾವಾಹಿ, ಹೊಗೆಯಿಂದ ಕಣ್ಣು ಕೀಳದೆ.

"ಅವರಿಗೆ ಮೊದಲೇ ಗೊತ್ತಿದ್ದೂ ಸುಮ್ಮನಿದ್ರೆ?"

"ಅವರ ಕಷ್ಟ ಅವರಿಗೇ ಗೊತ್ತು ಮೇಡಂ."

ಸಾಹೇಬರಿಗೆ ಕೆಮ್ಮು ಬಂತು. ಮೇಡಂ ನೀರು ಮುಂದಕ್ಕೆ ಸರಿಸಿ, "ಸಂಬಳ ಎಷ್ಟು ಕೇಳ್ತೀರಿ?" ಎಂದರು.

"ಸಾಹೇಬರು ಯೋಚನೆ ಮಾಡಿ ಹೇಳಲಿ ಮೇಡಂ."

"ಹಿಂದೆ ಇದ್ದವನಿಗಿಂತ ಜಾಸ್ತಿ ಕೊಡೋಣ," ಎಂದರು ಸಾಹೇಬರು ತಡಮಾಡದೆ.

"ಸಾರ್, ನಿಯಮದ ಪ್ರಕಾರ..."

ಧಾರಾವಾಹಿ ನಿಟ್ಟುಸಿರು ಬಿಟ್ಟ. ಹೊಗೆ ಈಗ ಎರಡು ಎಳೆಯಾಗಿತ್ತು. ಸಾಹೇಬರು ಆ ನಿಟ್ಟುಸಿರನ್ನು ಬೇರೆ ಥರ ಅರ್ಥ ಮಾಡಿಕೊಂಡು, "ಇನ್ನೂ ಸ್ವಲ್ಪ ಜಾಸ್ತಿ ಕೊಡೋಣ ಅಂತೀನಿ. ಓಡಾಡೋಕೆ ಸೈಕಲ್ ಭತ್ಯೆ ಕೂಡ," ಎಂದರು.

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಸಾಹೇಬರನ್ನೊಮ್ಮೆ, ಅಭ್ಯರ್ಥಿಯನ್ನೊಮ್ಮೆ ನೋಡಿದರು. ಆಮೇಲೆ ಕೈಲಿದ್ದ ಪೆನ್ನು ಕೆಳಗಿಟ್ಟರು.

"ಸರಿ. ಕೊನೇದಾಗಿ, ಇನ್ನೇನಾದ್ರೂ ಹೇಳೋದಿದ್ಯಾ?"

ಬೋನು ಎದುರಿಗೆ ಬಂದು ನಿಂತಿತ್ತು. ಸಾಹೇಬರು ಉಸಿರು ಬಿಗಿಹಿಡಿದು ಧಾರಾವಾಹಿಯ ಬಾಯಿಯನ್ನೇ ನೋಡಿದರು. ಡ್ರಾಯರಿನೊಳಗೆ ಚಟಪಟ ಎಂಬ ಸದ್ದು ಆರಂಭವಾಗಿತ್ತು. ಧಾರಾವಾಹಿಯ ಕಣ್ಣಲ್ಲಿ ನೀರು ತುಂಬಿತು, ಅರ್ಧ ಹೊಗೆಗೆ, ಅರ್ಧ ಸಂಕಟಕ್ಕೆ. ಅವನ ಆಯುಷ್ಯದಲ್ಲಿ ಹೇಳಲೇಬೇಕಾದ ಮಾತು ಅಂತ ಒಂದಿದ್ದರೆ ಅದು ಇದೇ.

"ಇಲ್ಲ ಮೇಡಂ," ಎಂದ.

ಆಗ ಸಾಹೇಬರು ಅಯ್ಯಯ್ಯೋ ಎಂದು ಜಿಗಿದರು. ಡ್ರಾಯರು ತೆರೆದುಕೊಂಡು ಒಂದು ಮೊಳ ಜ್ವಾಲೆ ಎದ್ದಿತು. ಸಾಹೇಬರು ನೀರಿನ ಜಗ್ಗನ್ನು ಎತ್ತಿ ಪೂರ್ತಿ ಸುರಿದರು. ಸಾಲದೆ ಮೇಡಂ ಅವರ ಲೋಟದ ನೀರು, ಅದೂ ಸಾಲದೆ ಅಕೌಂಟೆಂಟರ ಟೀ. ಬುಸ್ಸೆಂದು ಹೊಗೆ ಕೋಣೆಯನ್ನೆಲ್ಲ ತುಂಬಿತು.

"ಬೆಂಕಿನಾ?" ಎಂದು ಅಕೌಂಟೆಂಟು ಎದ್ದರು.

"ಇರುವೆ," ಎಂದರು ಸಾಹೇಬರು ಏದುಸಿರು ಬಿಡುತ್ತಾ. "ಡ್ರಾಯರಲ್ಲಿ ಇರುವೆ. ತುಂಬಾ ದಿನದಿಂದ ಕಾಟ."

"ಹೊಗೆ ಬರ್ತಿದೆಯಲ್ಲ ಸಾರ್?"

"ಕೆಂಪಿರುವೆ ಮೇಡಂ."

ಮೇಡಂ ಧಾರಾವಾಹಿಯ ಕಡೆ ತಿರುಗಿದರು. "ಸೇಫ್ಟಿ ಕೆಲಸಕ್ಕೆ ಬಂದಿರೋರು ನೀವು. ನೀವೇ ಹೇಳಿ, ಇದು ಇರುವೇನಾ?"

"ಸಾಹೇಬರ ಡ್ರಾಯರು, ಒಳಗೇನಿದೆ ಅಂತ ಸಾಹೇಬರಿಗೇ ಗೊತ್ತಿರಬೇಕು ಮೇಡಂ," ಎಂದ ಧಾರಾವಾಹಿ. ಅದೂ ಒಂದೇ ವಾಕ್ಯ.

"ಇವರನ್ನ ತಗೊಂಡಿದೀವಿ. ನಾಳೆಯಿಂದಲೇ ಬರಲಿ," ಎಂದರು ಸಾಹೇಬರು. ಅವರ ಟೈನ ತುದಿ ಸುಟ್ಟು ಅರ್ಧವಾಗಿತ್ತು.

ಹೊರಗಿನ ಓಣಿಯಲ್ಲಿ ಸಾಹೇಬರು ಅವನನ್ನು ಕಂಬದ ಮರೆಗೆ ಎಳೆದುಕೊಂಡರು. ಕಂಬದ ಮೇಲೆ ಬೋರ್ಡು ಇದ್ದೇ ಇತ್ತು. "ನೋಡ್ರೀ, ನೀವು ಭಾರಿ ಆಸಾಮಿ ಅಂತ ಗೊತ್ತಾಯ್ತು. ಕೇಳಿದ್ದು ಕೊಟ್ಟಿದೀನಿ. ಇದು ಮಾಲೀಕರ ಕಿವಿಗೆ ಬಿದ್ರೆ ನನ್ನ ಕೆಲಸ ಹೋಗುತ್ತೆ. ಆದ್ರೆ ನನ್ನದು ಹೋಗೋ ಮುಂಚೆ ನಿಮ್ಮದು ಹೋಗಿರುತ್ತೆ, ತಿಳೀತಾ?"

ಧಾರಾವಾಹಿ ತಲೆಯಾಡಿಸಿದ.

ಮನೆಯಲ್ಲಿ ಎಲ್ಲರೂ ಬಾಗಿಲಲ್ಲೇ ಕಾದಿದ್ದರು. ಕೆಲಸ ಸಿಕ್ಕಿತು ಎಂದು ಅವನು ಹೇಳಿದಾಗ ಹೆಂಡತಿ ಬಾಣಲೆಯನ್ನು ಅಟ್ಟಕ್ಕೆ ಎಸೆದಳು. ಭಾವಮೈದುನ ತನ್ನ ಬೆನ್ನು ತಾನೇ ತಟ್ಟಿಕೊಂಡ.

"ಏನೇನು ಕೇಳಿದ್ರು ಭಾವ? ಮೊದಲಿಂದ ಹೇಳಿ."

ಮೊದಲಿಂದ ಹೇಳಿ. ಹುಟ್ಟಿದಾಗಿನಿಂದ ಯಾರೂ ಅವನಿಗೆ ಹೇಳದ ಮಾತು ಅದು. ಮೂಗಿನ ಹೊಗೆ, ಬಿಸಿ ಹೊಟ್ಟೆ, ಕೆಂಪಿರುವೆ, ಎಲ್ಲ ಒಟ್ಟಿಗೆ ಗಂಟಲಿಗೆ ನುಗ್ಗಿತು. ಅಷ್ಟರಲ್ಲಿ ಗೇಟಿನಾಚೆಯಿಂದ ಪೋಸ್ಟ್‌ಮಾಸ್ಟರು, "ರಟ್ಟಿನ ಫ್ಯಾಕ್ಟರಿಯಾ? ಅಲ್ಲಿಯ ಅಕೌಂಟೆಂಟು ನನ್ನ ಸ್ನೇಹಿತ. ದಿನಾ ಸಂಜೆ ಪಾರ್ಕಲ್ಲಿ ಒಟ್ಟಿಗೆ ಕೂರ್ತೀವಿ. ಎಲ್ಲಾ ವಿಷಯ ಮಾತಾಡ್ತೀವಿ," ಎಂದರು.

"ಏನೂ ಕೇಳಲಿಲ್ಲ," ಎಂದು ಹೇಳಿ ಧಾರಾವಾಹಿ ಸ್ನಾನಕ್ಕೆ ಹೋದ.

ಅಲ್ಲಿಂದ ಮುಂದಿನ ದಿನಗಳು ಇಂಟರ್‌ವ್ಯೂಗಿಂತ ಕಷ್ಟವಾದವು. ಜನ್ಮದಲ್ಲಿ ಅವನಿಗೆ ಸಿಕ್ಕಿದ್ದ ಅತ್ಯುತ್ತಮ ಕಥೆ ಅದು, ಅದನ್ನೇ ಹೇಳುವಂತಿಲ್ಲ. ಬೇರೆ ಮಾತಾಡೋಣವೆಂದರೆ ಅವನ ಯಾವ ಮಾತೂ ಒಂದೇ ದಾರಿಯಲ್ಲಿ ಹೋಗುವ ಜಾತಿಯದಲ್ಲ. ಹಾಲಿನ ವಿಷಯ ಎತ್ತಿದರೆ ಹಾಲು ಉಕ್ಕುವುದು, ಉಕ್ಕಿದರೆ ಒಲೆ, ಒಲೆಯಿಂದ ಬೆಂಕಿ. ಹವಾಮಾನ ಎಂದರೆ ಸೆಕೆ, ಸೆಕೆ ಎಂದರೆ ಬೆವರು, ಬೆವರೆಂದರೆ ಸಾಹೇಬರು. ಹೆದರಿ ಅವನು ಮಾತನ್ನೇ ಬಿಟ್ಟ. ಫ್ಯಾಕ್ಟರಿಯಲ್ಲಿ ಮೇಡಂ ಎದುರಾದಾಗಲೆಲ್ಲ "ಇರುವೆ ಹೇಗಿವೆ?" ಎಂದು ಕನ್ನಡಕದ ಮೇಲಿನಿಂದ ಕೇಳುತ್ತಿದ್ದರು. ಸಾಹೇಬರು ದೂರದಿಂದ ನೋಡುತ್ತಿದ್ದರು. ಧಾರಾವಾಹಿ "ಚೆನ್ನಾಗಿವೆ ಮೇಡಂ" ಎಂದು ಗೋಡೆ ಸವರಿಕೊಂಡು ಹೋಗುತ್ತಿದ್ದ. ಬಸ್ ಸ್ಟಾಪಿನಲ್ಲಿ ಜನ ಅವನ ಹತ್ತಿರವೇ ಧೈರ್ಯವಾಗಿ ನಿಲ್ಲತೊಡಗಿದರು. ಮಾವನವರು ಒಂದು ದಿನ ಬಂದು, ಎದುರುಬದುರು ಕೂತು, ಇಬ್ಬರೂ ಏನೂ ಮಾತಾಡದೆ ಊಟ ಮುಗಿಸಿ, ಅಳಿಯ ಕೊನೆಗೂ ದಾರಿಗೆ ಬಂದನೆಂದು ಬಹಳ ಸಂತೋಷದಿಂದ ಹೋದರು.

ಭಾನುವಾರ ಮಧ್ಯಾಹ್ನ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಧಾರಾವಾಹಿ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದ. ಅವಳ ಕೈ ನಿಂತಿತು.

"ರೀ, ನಂಗೆ ಭಯ ಆಗ್ತಿದೆ."

"ಯಾಕೆ?"

"ನೋಡಿ, ಯಾಕೆ ಅಂತ ಕೇಳಿ ಸುಮ್ಮನಾದ್ರಿ. ಮೊದಲೆಲ್ಲ ನೀವು ಮಾತಾಡ್ತಿದ್ರೆ ನಾನು ಕೇಳಿಸ್ಕೋತಿರಲಿಲ್ಲ, ನಿಜ. ಆದ್ರೆ ಮನೇಲಿ ಯಾರೋ ಇದಾರೆ ಅನ್ನಿಸ್ತಿತ್ತು. ಈಗ ನಲ್ಲಿ ತೊಟ್ಟಿಕ್ಕೋದು ಕೇಳಿಸುತ್ತೆ. ಆ ಕೆಲಸ ಹೋದ್ರೂ ಹೋಗ್ಲಿ. ನನ್ನ ಹತ್ರ ಹೇಳಬಾರದಂಥದ್ದು ಏನಾಯ್ತು ಅಲ್ಲಿ?" ಎಂದು ಅವಳು ಅತ್ತೇಬಿಟ್ಟಳು.

ಅವಳ ಅಳು ಅವನಿಗೆ ಸಹಿಸಲಾಗಲಿಲ್ಲ. ಎದ್ದು ಬಾಗಿಲ ಚಿಲಕ ಹಾಕಿದ, ಕಿಟಕಿ ಮುಚ್ಚಿದ, ಪರದೆ ಎಳೆದ.

"ಯಾರಿಗೂ ಹೇಳಲ್ಲ ತಾನೇ?"

"ನಿಮ್ಮಾಣೆ."

ಮೊದಲು ಪಿಸುಮಾತಿನಲ್ಲಿ ಆರಂಭವಾಯಿತು. ಜವಾನನ ಗಂಟೆಯ ಹೊತ್ತಿಗೆ ದನಿ ಸ್ವಲ್ಪ ಏರಿತು. ಮೂಗಿನ ಹೊಗೆಯನ್ನು ಅವನು ಬೆರಳಿನಲ್ಲಿ ತೋರಿಸಿದ, ಸಾಹೇಬರ ಹೊಟ್ಟೆಗೆ ದಿಂಬು ಕಟ್ಟಿಕೊಂಡ, ಮೇಡಂ ಆಗಿ ಕನ್ನಡಕದ ಮೇಲಿನಿಂದ ನೋಡಿದ. ಹೆಂಡತಿ ಮಡಿಸಿದ ಬಟ್ಟೆಯ ಮೇಲೆಯೇ ಬಿದ್ದು ನಕ್ಕಳು. ಮದುವೆಯಾದಾಗಿನಿಂದ ಅವನ ಒಂದು ಕಥೆಯನ್ನು ಅವಳು ಕೊನೆಯವರೆಗೆ ಕೇಳಿದ್ದು ಅಂದೇ. ಕೆಂಪಿರುವೆ ಬಂದಾಗ ಹೊಟ್ಟೆ ಹಿಡಿದುಕೊಂಡು "ಸಾಕು, ಸಾಕು" ಎಂದಳು. ಅವನು ಕಂಬದ ಮರೆಯಲ್ಲಿ ಸಾಹೇಬರು ಹೇಳಿದ್ದನ್ನು ಮಾತ್ರ ಜಾಗ್ರತೆಯಿಂದ ಪಿಸುಮಾತಿನಲ್ಲೇ ಹೇಳಿ ಮುಗಿಸಿದ. ಎಷ್ಟೋ ದಿನಗಳ ಭಾರ ಇಳಿದು ಅವನಿಗೆ ಹಸಿವಾಯಿತು.

ಆಗ ಗೋಡೆಯ ಆಚೆ ಯಾರೋ ಕೆಮ್ಮಿದರು.

ಆಚೆ ಕಡೆ ಒಂದು ಸ್ಟೂಲು ಗೋಡೆಗೆ ತಾಗಿದ ಸದ್ದಾಯಿತು, ಆಮೇಲೆ ಪೋಸ್ಟ್‌ಮಾಸ್ಟರ ದನಿ ಬಂತು.

"ಏನೂ ತಿಳ್ಕೋಬೇಡಿ. ಕೊನೇದು ಸರಿಯಾಗಿ ಕೇಳಿಸಲಿಲ್ಲ. ಕಂಬದ ಹತ್ರ ಸಾಹೇಬ್ರು ಏನಂದ್ರು?"

ಹೆಂಡತಿ ಬಣ್ಣಗೆಟ್ಟ ಮುಖದಿಂದ ಬೇಡ ಬೇಡವೆಂದು ತಲೆಯಾಡಿಸಿದಳು. ಧಾರಾವಾಹಿಗೆ ಪಾರ್ಕಿನ ಬೆಂಚು ಕಂಡಿತು, ಅದರ ಮೇಲೆ ಅಕೌಂಟೆಂಟು, ಆಮೇಲೆ ಮಾಲೀಕರು, ಆಮೇಲೆ ಸಾಲಾಗಿ ಒರಗಿಸಿಟ್ಟ ಗಾಜು, ಗಾಜುಗಳ ನಡುವೆ ಮಾವನವರು. ಒಂದು ಪದವನ್ನೂ ಆಡಬಾರದೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ಭಾಳ ಚೆನ್ನಾಗಿ ಹೇಳ್ತಿದ್ರಿ," ಎಂದರು ಪೋಸ್ಟ್‌ಮಾಸ್ಟರು.

ಧಾರಾವಾಹಿ ಮೆಲ್ಲಗೆ ಬಾಯಿಂದ ಕೈ ತೆಗೆದ. ಆಮೇಲೆ ಹೆಂಡತಿಯ ಮುಖ ನೋಡದೆ, ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡ.